ವೀರಪ್ಪನ್ ಸರಣಿ ನೋಡಿ ಅವನ ಮೇಲೆ ಕನಿಕರ ಮೂಡಿತು. ಇಂಥ ಸಾಕ್ಷ್ಯಚಿತ್ರಗಳನ್ನು ಎಷ್ಟರ ಮಟ್ಟಿಗೆ ನಂಬಬೇಕು?

ವೀರಪ್ಪನ್ ಕುರಿತ ಸರಣಿಯನ್ನು ನೋಡಿ ಮುಗಿಸಿದ ಮೇಲೆ ಅವನ ಬಗ್ಗೆ ಕನಿಕರ ಮೂಡಿತೆಂದೂ ಅದನ್ನು ಕೇಳಿ ಮನೆಯವರು ಬೈದರೆಂದೂ ಬರೆದಿದ್ದೀರಿ. ಪ್ರಸಿದ್ಧರ ಮತ್ತು ಕುಖ್ಯಾತರ ಬದುಕನ್ನು ತೋರಿಸುವ ಸಾಕ್ಷ್ಯಚಿತ್ರಗಳನ್ನು ಎಷ್ಟು ನಂಬಬೇಕು ಎಂಬುದು ನಿಮ್ಮ ಪ್ರಶ್ನೆ. ನಾನು ವಿಜಯಪುರದ ಪದವಿ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವವನು. ಪಾಠದ ಭಾಗವಾಗಿಯೇ ಇಂಥ ಚಿತ್ರಗಳನ್ನು ವಿದ್ಯಾರ್ಥಿಗಳಿಗೆ ತೋರಿಸುತ್ತ ಬಂದಿದ್ದೇನೆ. ಚಿತ್ರದಲ್ಲಿ ಹೇಳಿದ್ದು ನಿಜವೋ ಸುಳ್ಳೋ ಎಂದು ತೂಗುವ ಮೊದಲು, ಅದನ್ನು ತಯಾರಿಸಲು ಯಾರ ಯಾರ ಒಪ್ಪಿಗೆ ಬೇಕಾಗಿತ್ತು ಎಂಬುದನ್ನು ವಿಚಾರಿಸಬೇಕೆಂದು ನಾನು ಅವರಿಗೆ ಹೇಳುತ್ತೇನೆ. ಇಂಥ ಚಿತ್ರಗಳಲ್ಲಿ ಕಾಣುವ ಹೊಗಳಿಕೆಯೂ ಅನುಕಂಪವೂ ಮೌನವೂ ಬಹುಮಟ್ಟಿಗೆ ಅಲ್ಲಿಂದಲೇ ಹುಟ್ಟುತ್ತವೆ.

ನಿಮ್ಮ ಕನಿಕರದ ವಿಷಯಕ್ಕೆ ಬರುತ್ತೇನೆ. 2023ರಲ್ಲಿ ಬಂದ ನಾಲ್ಕು ಕಂತುಗಳ ಆ ಸರಣಿಯಲ್ಲಿ ವೀರಪ್ಪನ್‌ನ ಪತ್ನಿ ಮುತ್ತುಲಕ್ಷ್ಮಿ ಕ್ಯಾಮೆರಾದ ಮುಂದೆ ಕುಳಿತು ದೀರ್ಘವಾಗಿ ಮಾತನಾಡಿದ್ದಾರೆ. ಹೆಂಡತಿ ತನ್ನ ಗಂಡನ ಕಥೆಯನ್ನು ತನ್ನ ಬಾಯಿಂದಲೇ ಹೇಳುವಾಗ ಕೇಳುವವರ ಮನಸ್ಸು ಕರಗುವುದು ಸಹಜ. ಅದಕ್ಕಾಗಿ ನೀವು ನಾಚಿಕೊಳ್ಳಬೇಕಾಗಿಲ್ಲ. ಆದರೆ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನೂ ನೆನೆಯಿರಿ. ಅವರು ವೀರಪ್ಪನ್‌ನ ಊರಾದ ಗೋಪಿನಾಥಂನಲ್ಲಿಯೇ ನೆಲೆಸಿ, ಊರವರಿಗಾಗಿ ಮಾರಿಯಮ್ಮನ ಗುಡಿ ಕಟ್ಟಿಸಿ, ಅವನು ಶರಣಾಗುತ್ತಾನೆಂಬ ಮಾತನ್ನು ನಂಬಿ ಕಾಡಿಗೆ ಹೋದಾಗ 1991ರ ನವೆಂಬರ್ 10ರಂದು ಕೊಲೆಯಾದರು. ಅಂಥವರ ಕಥೆಯನ್ನು ಸಹೋದ್ಯೋಗಿಗಳು ನೆನಪಿಸಿಕೊಂಡು ಹೇಳಬೇಕೇ ಹೊರತು ಅವರೇ ಬಂದು ಹೇಳಲಾರರು. ವೀರಪ್ಪನ್‌ನನ್ನು ಹಿಡಿಯುವ ಪೊಲೀಸ್ ಕಾರ್ಯಾಚರಣೆಯ ಹೆಸರಿನಲ್ಲಿ ಚಿತ್ರಹಿಂಸೆ ಅನುಭವಿಸಿದ ಗಡಿಭಾಗದ ಹಳ್ಳಿಗರ ಗೋಳನ್ನು ಕೇಳಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಸದಾಶಿವ ಅವರ ನೇತೃತ್ವದಲ್ಲಿ ಸಮಿತಿಯನ್ನೇ ರಚಿಸಬೇಕಾಯಿತು. ಬದುಕಿ ಉಳಿದು ಮಾತನಾಡಲು ಒಪ್ಪಿದವರ ಮುಖ ನಮಗೆ ಹತ್ತಿರದಿಂದ ಕಾಣುತ್ತದೆ, ಸತ್ತವರು ಹಳೆಯ ಫೋಟೊದಲ್ಲಿ ಬಂದು ಹೋಗುತ್ತಾರೆ. ಕನಿಕರ ಹೆಚ್ಚಾಗಿ ಮುಖ ಕಂಡ ಕಡೆಗೇ ಹರಿಯುತ್ತದೆ.

ಕುಖ್ಯಾತರ ಚಿತ್ರಗಳಲ್ಲೆಲ್ಲ ಈ ತೊಡಕು ಇದ್ದೇ ಇದೆ. ಬೆಂಗಳೂರಿನ ಶಾಕೆರೆ ಖಲೀಲಿ 1991ರಲ್ಲಿ ಕಾಣೆಯಾದರು. 1994ರಲ್ಲಿ ಅವರ ಮನೆಯ ಆವರಣದಲ್ಲಿಯೇ ಅವರ ಅಸ್ಥಿಪಂಜರ ಸಿಕ್ಕಿತು. ಅವರನ್ನು ಕೊಂದ ಪತಿ ಶ್ರದ್ಧಾನಂದನಿಗೆ ಸುಪ್ರೀಂ ಕೋರ್ಟು 2008ರಲ್ಲಿ, ಜೀವವಿರುವವರೆಗೆ ಬಿಡುಗಡೆಯಿಲ್ಲದ ಸೆರೆವಾಸವನ್ನು ವಿಧಿಸಿತು. 2023ರಲ್ಲಿ ಈ ಪ್ರಕರಣದ ಮೇಲೆ ಸರಣಿ ಬಂದಾಗ ಅವನು ಜೈಲಿನಿಂದಲೇ ತನ್ನ ಪಕ್ಷವನ್ನು ಹೇಳಿಕೊಂಡ. ತೀರ್ಪಿನ ನಂತರವೂ ಅವನಿಗೆ ಮಾತಿನ ಅವಕಾಶ ದೊರೆಯಿತು. ಇದು ನನಗೆ ಇಂದಿಗೂ ನುಂಗಲಾರದ ತುತ್ತು. ಅಪರಾಧಿಯ ಮಾತನ್ನು ದಾಖಲಿಸಲೇಬಾರದು ಎಂದು ಇತಿಹಾಸದ ಮೇಷ್ಟ್ರಾದ ನಾನು ಹೇಳಲಾರೆ. ಆದರೆ ಅವನ ಒಂದೊಂದು ಮಾತಿಗೂ ಪಕ್ಕದಲ್ಲಿಯೇ ಸಾಕ್ಷ್ಯವನ್ನು ಇಟ್ಟು ತೋರಿಸುವ ಹೊಣೆ ಚಿತ್ರ ಮಾಡಿದವರದು.

ಈ ವಿಷಯದಲ್ಲಿ ನಮ್ಮ ದೇಶದ ಕಾನೂನಿನ ನೆಲೆ ತಕ್ಕಮಟ್ಟಿಗೆ ಸ್ಪಷ್ಟವಾಗಿದೆ. ಚೆನ್ನೈನ ಕೊಲೆ ಅಪರಾಧಿ ಆಟೋ ಶಂಕರ್‌ನ ಆತ್ಮಕಥೆಯನ್ನು ತಮಿಳು ಪತ್ರಿಕೆಯೊಂದು ಅಚ್ಚು ಹಾಕಲು ಹೊರಟಾಗ ಎದ್ದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 1994ರಲ್ಲಿ ತೀರ್ಪು ಕೊಟ್ಟಿತು. ನ್ಯಾಯಾಲಯದ ಕಡತಗಳೂ ಸೇರಿದಂತೆ ಸಾರ್ವಜನಿಕ ದಾಖಲೆಗಳಲ್ಲಿ ಇರುವಷ್ಟನ್ನು ಯಾರ ಒಪ್ಪಿಗೆಯೂ ಇಲ್ಲದೆ ಪ್ರಕಟಿಸಬಹುದು. ಅದನ್ನು ದಾಟಿ ಖಾಸಗಿ ಬದುಕಿಗೆ ಕೈಹಾಕಿದರೆ ಪ್ರಕಟಿಸಿದವರೇ ಪರಿಣಾಮಕ್ಕೆ ಹೊಣೆ ಎಂಬುದು ಅದರ ಸಾರ. ಅಪರಾಧದ ಸಾಕ್ಷ್ಯಚಿತ್ರಗಳು ದೋಷಾರೋಪಣ ಪಟ್ಟಿಯನ್ನೂ ತೀರ್ಪಿನ ಪುಟಗಳನ್ನೂ ಅಷ್ಟೊಂದು ಆಶ್ರಯಿಸುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಎಣಿಕೆ. ಹೀಗಾಗಿ ಪೊಲೀಸರು ಕಟ್ಟಿದ ಕಥೆಯ ಚೌಕಟ್ಟೇ ಚಿತ್ರದ ಚೌಕಟ್ಟೂ ಆಗಿಬಿಡುವುದುಂಟು.

ಪ್ರಸಿದ್ಧರ ವಿಷಯದಲ್ಲಿ ಬೀಗದ ಕೈ ಇರುವುದು ಮನೆತನದವರ, ಇಲ್ಲವೇ ಆ ವ್ಯಕ್ತಿಯ ಕೈಯಲ್ಲಿ. ಹಳೆಯ ಫೋಟೊ, ಪತ್ರ, ಧ್ವನಿಮುದ್ರಣ, ಹಾಡಿನ ಹಕ್ಕು ಇವು ಸಿಗದಿದ್ದರೆ ಒಂದು ಗಂಟೆಯ ಪರದೆಯನ್ನು ತುಂಬಿಸುವುದು ಕಷ್ಟ. ಬಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡನ್ ಕುರಿತ 2020ರ ಪ್ರಖ್ಯಾತ ಸರಣಿಯಲ್ಲಿ ಜೋರ್ಡನ್ನರ ಸ್ವಂತ ಕಂಪನಿಯೇ ಪಾಲುದಾರನಾಗಿತ್ತು, ಅದಕ್ಕಾಗಿ ಅದು ಟೀಕೆಯನ್ನೂ ಎದುರಿಸಿತು. ಸತ್ಯಜಿತ್ ರಾಯ್ ಅವರಂಥವರಿಗೂ ಈ ಕಟ್ಟು ತಪ್ಪಲಿಲ್ಲ. 1961ರಲ್ಲಿ ರವೀಂದ್ರನಾಥ ಟಾಗೋರರ ಜನ್ಮಶತಾಬ್ದಿಗಾಗಿ ಸರ್ಕಾರದ ಚಿತ್ರಸಂಸ್ಥೆಯಾದ ಫಿಲ್ಮ್ಸ್ ಡಿವಿಜನ್ ಪರವಾಗಿ ಅವರು ಮಾಡಿದ ಚಿತ್ರ, ಕವಿಯ ಅಂತಿಮಯಾತ್ರೆಯ ದೃಶ್ಯಗಳಿಂದ ಆರಂಭವಾಗಿ ನಿಜಕ್ಕೂ ಮನಸ್ಸನ್ನು ಹಿಡಿಯುತ್ತದೆ. ಆದರೂ ಅದು ಸರ್ಕಾರಿ ಗೌರವಾರ್ಪಣೆ, ವಿವಾದದ ಸಂಗತಿಗಳನ್ನು ಅಲ್ಲಿ ಹುಡುಕಬಾರದು.

ಒಪ್ಪಿಗೆಯಿಂದ ಬರಿ ನಷ್ಟವೇ ಎಂದು ತಿಳಿಯಬೇಡಿ. ನಮ್ಮ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಕ್ಷಯಕ್ಕೆ ತುತ್ತಾಗಿ, ಮಧ್ಯಪ್ರದೇಶದ ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಮಲಗಿದ್ದು, ಆಮೇಲೆ ಬೇರೆಯದೇ ಗಾಯನದೊಂದಿಗೆ ಎದ್ದು ಬಂದವರು. ಅವರ ಮೇಲೆ ಜಬ್ಬಾರ್ ಪಟೇಲ್ ಮಾಡಿದ 'ಹಂಸ ಅಕೇಲಾ' ಚಿತ್ರವನ್ನು ನೋಡಿ. ಅಂಥ ಬದುಕನ್ನು ಹತ್ತಿರದವರ ನೆನಪುಗಳಿಲ್ಲದೆ ಹೇಳುವುದು ಸಾಧ್ಯವೇ ಇರಲಿಲ್ಲ.

ಒಪ್ಪಿಗೆ ಹೇಗೆ ಕೆಲಸ ಮಾಡುತ್ತದೆಂಬುದನ್ನು ನಾನು ಕಣ್ಣಾರೆ ಕಂಡದ್ದು ನಮ್ಮ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮೇಲೆ ಚಿತ್ರ ತೆಗೆಯಲು ಬಂದವರು, ಹಳೆಯ ಪತ್ರಗಳನ್ನು ಓದಿಕೊಡಲು ನನ್ನನ್ನು ಕರೆದೊಯ್ದಿದ್ದರು. ಮುಂಬಯಿ ಪ್ರಾಂತದ ಕಾಲದ ಪತ್ರಗಳಾದ್ದರಿಂದ ಕೆಲವು ಕನ್ನಡದಲ್ಲಿ, ಕೆಲವು ಮರಾಠಿಯಲ್ಲಿ ಇದ್ದವು. ಹಿರಿಯ ಮಗ ಟ್ರಂಕು ತೆರೆದು, ಜೈಲಿನಿಂದ ಬರೆದ ಪತ್ರಗಳನ್ನು ಒಂದೊಂದಾಗಿ ನನ್ನ ಕೈಗಿಟ್ಟರು. ತಳದಲ್ಲಿ ಧೋತರದ ಅರಿವೆಯಲ್ಲಿ ಕಟ್ಟಿದ ಇನ್ನೊಂದು ಗಂಟಿತ್ತು. ಅದನ್ನು ತೆಗೆದು ಪಕ್ಕದ ಕೌದಿಯ ಕೆಳಗೆ ಸರಿಸಿ, "ಇವು ಮನೀ ವಿಷಯ ಅದಾವ್ರಿ ಸರ್, ಇವು ಬ್ಯಾಡ್ರಿ" ಎಂದರು. ಯಾರೂ ಒತ್ತಾಯಿಸಲಿಲ್ಲ, ಒತ್ತಾಯಿಸುವ ಹಕ್ಕೂ ನಮಗಿರಲಿಲ್ಲ. ತಂದೆಯ ಮಾನ ಕಾಯುವುದು ಮಗನ ಧರ್ಮವೆಂದೇ ನಾನು ಈಗಲೂ ನಂಬಿದ್ದೇನೆ. ಆದರೆ ಮುಗಿದ ಚಿತ್ರದಲ್ಲಿ, ಇದು ಅವರ ಪತ್ರಗಳನ್ನು ಆಧರಿಸಿದ ಜೀವನಚಿತ್ರವೆಂಬ ಸಾಲು ಬಂತು. ಮನೆಯವರು ಆರಿಸಿಕೊಟ್ಟ ಪತ್ರಗಳೆಂದು ಒಂದು ಮಾತು ಸೇರಿಸಿದ್ದರೆ ನೋಡುವವರಿಗೆ ಅನ್ಯಾಯವಾಗುತ್ತಿರಲಿಲ್ಲ.

ಒಪ್ಪಿಗೆ ಸಿಕ್ಕ ಮೇಲೆ, ಸಂಕಲನದ ಕೋಣೆಯಲ್ಲಿ ನಡೆಯುವ ಕೆಲಸವನ್ನು ಹೊರಗಿನವರು ಕಾಣುವುದಿಲ್ಲ. ಅಮೆರಿಕದ 'ದಿ ಜಿಂಕ್ಸ್' ಎಂಬ ಸರಣಿ ಇದಕ್ಕೆ ನಾನು ತರಗತಿಯಲ್ಲಿ ಕೊಡುವ ಉದಾಹರಣೆ. ಕೊಲೆಗಳ ಅನುಮಾನ ಹೊತ್ತಿದ್ದ ನ್ಯೂಯಾರ್ಕಿನ ಶ್ರೀಮಂತ ರಾಬರ್ಟ್ ಡರ್ಸ್ಟ್ ತಾನಾಗಿಯೇ ನಿರ್ದೇಶಕ ಆಂಡ್ರ್ಯೂ ಜರೆಕಿಯನ್ನು ಸಂಪರ್ಕಿಸಿ ಸಂದರ್ಶನಕ್ಕೆ ಒಪ್ಪಿದ. ಸಂದರ್ಶನದ ನಂತರ ಮೈಕನ್ನು ತೆಗೆಯದೆ ಶೌಚಾಲಯಕ್ಕೆ ಹೋಗಿ ಒಬ್ಬನೇ ಗೊಣಗಿದ. ತಾನೇನು ಮಾಡಿಬಿಟ್ಟೆ ಎಂದು ಕೇಳಿಕೊಂಡು, ಎಲ್ಲರನ್ನೂ ಕೊಂದೆನಲ್ಲ ಎಂದು ತಾನೇ ಉತ್ತರಿಸಿದಂತೆ ಕೊನೆಯ ಕಂತಿನಲ್ಲಿ ಕೇಳಿಸುತ್ತದೆ. ಆ ಕಂತು ಪ್ರಸಾರವಾಗುವ ಹಿಂದಿನ ದಿನ, 2015ರ ಮಾರ್ಚ್ 14ರಂದು, ಅವನ ಬಂಧನವಾಯಿತು. 2019ರಲ್ಲಿ ಮೂಲ ಧ್ವನಿಯ ಲಿಖಿತ ಪ್ರತಿ ನ್ಯಾಯಾಲಯದ ಕಡತದ ಮೂಲಕ ಹೊರಬಂದಾಗ, ಕೊಂದ ಮಾತು ಮೊದಲು ಬಂದಿತ್ತು, ನಡುವೆ ಬೇರೆ ಹಲವು ಮಾತುಗಳಿದ್ದವು, ಏನು ಮಾಡಿಬಿಟ್ಟೆ ಎಂಬುದು ಕೊನೆಯಲ್ಲಿತ್ತು. ನಾನು ಮೂಲ ಕ್ರಮವನ್ನು ಬೋರ್ಡಿನ ಮೇಲೆ ಬರೆದಾಗ ತರಗತಿಯಲ್ಲಿ ಪ್ರತಿ ಸಲವೂ ವಾದ ಹುಟ್ಟುತ್ತದೆ. 2021ರಲ್ಲಿ ಅವನು ಸೂಸನ್ ಬರ್ಮನ್ ಎಂಬ ಗೆಳತಿಯ ಕೊಲೆಯಲ್ಲಿ ತಪ್ಪಿತಸ್ಥನೆಂದು ತೀರ್ಪಾಯಿತಲ್ಲ, ಇನ್ನೇನು ಎಂದು ಕೆಲವರು ಕೇಳುತ್ತಾರೆ. ಮನುಷ್ಯ ತಪ್ಪಿತಸ್ಥನಾಗಿದ್ದರೂ ಅವನು ಪ್ರಶ್ನೋತ್ತರವಾಗಿ ಆಡದ ಮಾತನ್ನು ಪ್ರಶ್ನೋತ್ತರವಾಗಿ ಜೋಡಿಸುವುದು ಸರಿಯಲ್ಲ ಎಂಬ ನನ್ನ ನಿಲುವು ಬದಲಾಗಿಲ್ಲ.

ಈಗ ಸತ್ತವರ ದನಿಯನ್ನೂ ಯಂತ್ರದಿಂದ ಹುಟ್ಟಿಸಬಹುದಾಗಿದೆ. ಬಾಣಸಿಗ, ಲೇಖಕ ಆಂಥನಿ ಬೋರ್ಡೇನ್ ತೀರಿಕೊಂಡದ್ದು 2018ರಲ್ಲಿ. 2021ರ ಚಿತ್ರದಲ್ಲಿ ಅವರು ಬರೆದ ಕೆಲವು ಸಾಲುಗಳನ್ನು ಕೃತಕ ಬುದ್ಧಿಮತ್ತೆಯಿಂದ ಅವರದೇ ಧ್ವನಿಯಲ್ಲಿ ಓದಿಸಲಾಯಿತು. ಚಿತ್ರದಲ್ಲಿ ಅದನ್ನು ತಿಳಿಸಿರಲಿಲ್ಲ. ನಿರ್ದೇಶಕರು ತಮಗೆ ಒಪ್ಪಿಗೆಯಿತ್ತೆಂದರೆ, ಬೋರ್ಡೇನ್ ಅವರಿಂದ ಬೇರೆಯಾಗಿ ಬಾಳುತ್ತಿದ್ದ ಪತ್ನಿ ತಾವು ಕೊಟ್ಟಿಲ್ಲವೆಂದರು.

ಆದ್ದರಿಂದ ನೀವು ಮುಂದಿನ ಚಿತ್ರ ನೋಡುವಾಗ ಕೊನೆಯ ಹೆಸರುಗಳ ಪಟ್ಟಿಯನ್ನು ತಪ್ಪದೆ ಓದಿ. ಮೊಬೈಲಿನಲ್ಲಾಗಲಿ ಸ್ಮಾರ್ಟ್ ಟಿ.ವಿ.ಯಲ್ಲಾಗಲಿ ಆ ಪಟ್ಟಿ ಬರುವ ಹೊತ್ತಿಗೆ ಮುಂದಿನ ಕಂತು ತಾನಾಗಿಯೇ ಶುರುವಾಗುತ್ತದೆ, ಅದನ್ನು ನಿಲ್ಲಿಸಿ. ನಿರ್ಮಾಪಕರ ಸಾಲಿನಲ್ಲಿ ಕಥಾನಾಯಕನ ಅಥವಾ ಅವನ ಮನೆತನದ ಹೆಸರಿದೆಯೇ, ಫೋಟೊಗಳು ಯಾರ ಸಂಗ್ರಹದವು, ಮಾತನಾಡಲು ನಿರಾಕರಿಸಿದವರ ಬಗ್ಗೆ ಏನಾದರೂ ಬರೆದಿದ್ದಾರೆಯೇ, ನಟರಿಂದ ಮಾಡಿಸಿದ ದೃಶ್ಯಗಳು ಯಾವುವೆಂದು ಹೇಳಿದ್ದಾರೆಯೇ ಎಂಬುದನ್ನು ನೋಡಿಕೊಂಡು, ಅನುಮಾನ ಬಂದ ಘಟ್ಟವನ್ನು ಇನ್ನೊಮ್ಮೆ ಹಾಕಿ ನೋಡಿ. ಅಪರಾಧದ ಪ್ರಕರಣವಾಗಿದ್ದರೆ ಸುಪ್ರೀಂ ಕೋರ್ಟಿನ ಮತ್ತು ಹೈಕೋರ್ಟುಗಳ ತೀರ್ಪುಗಳು ಅವುಗಳ ಜಾಲತಾಣಗಳಲ್ಲಿ ಯಾರಿಗೂ ಉಚಿತವಾಗಿ ಸಿಗುತ್ತವೆ. ಶ್ರದ್ಧಾನಂದನ ಪ್ರಕರಣದ 2008ರ ತೀರ್ಪನ್ನು ಸರಣಿಯ ಜೊತೆಗಿಟ್ಟು ಓದುವುದರಿಂದ ನೀವು ಆರಂಭಿಸಬಹುದು.