ಫಿಲ್ ಐವಿಯಂತೆ ಪೋಕರ್ ಟೂರ್ನಿಗಳನ್ನೇ ನಂಬಿ ಬದುಕಬಹುದೇ?

ನೀವು ತೀರ್ಥಹಳ್ಳಿಯವರು, ದೀಪಾವಳಿಯ ಇಸ್ಪೀಟಿನಲ್ಲಿ ನೆಂಟರಿಷ್ಟರನ್ನೆಲ್ಲ ಸೋಲಿಸುತ್ತೀರಿ, ಅಮೆರಿಕದ ಪೋಕರ್ ಆಟಗಾರ ಫಿಲ್ ಐವಿ ಗೆದ್ದ ಮೊತ್ತ ನೋಡಿದ ಮೇಲೆ ಇರುವ ಕೆಲಸ ಬಿಟ್ಟು ಟೂರ್ನಿ ಆಡುವ ಯೋಚನೆಯಲ್ಲಿದ್ದೀರಿ ಎಂದು ಬರೆದಿದ್ದೀರಿ. ಶಿವಮೊಗ್ಗದಲ್ಲಿ ತೆರಿಗೆ ಲೆಕ್ಕ ಬರೆಯುವುದು ನನ್ನ ವೃತ್ತಿ. ಪೋಕರ್ ನೋಡುವುದು ರಾತ್ರಿಯ ಚಟ. ಉತ್ತರಕ್ಕೆ ಕಡತದ ವಾಸನೆ ಬಂದರೆ ಸಹಿಸಿಕೊಳ್ಳಿ.

ಐವಿ ಅಸಾಮಾನ್ಯ ಆಟಗಾರ ಎನ್ನುವುದರಲ್ಲಿ ಎರಡು ಮಾತಿಲ್ಲ. 2000ರಲ್ಲಿ, 23ನೇ ವಯಸ್ಸಿಗೆ, ಲಾಸ್ ವೇಗಸ್‌ನಲ್ಲಿ ವರ್ಷ ವರ್ಷ ನಡೆಯುವ ಟೂರ್ನಿಗಳ ಸರಣಿ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನಲ್ಲಿ ಅಮರಿಲ್ಲೊ ಸ್ಲಿಮ್ ಎಂಬ ಹಳೆಯ ಹುಲಿಯನ್ನು ಮಣಿಸಿ ಮೊದಲ ಬ್ರೇಸ್‌ಲೆಟ್ (ಅಲ್ಲಿ ಟೂರ್ನಿ ಗೆದ್ದವರಿಗೆ ಕೊಡುವ ಕೈಕಡಗ) ಗೆದ್ದರು. 2002ರಲ್ಲಿ ಒಂದೇ ವರ್ಷ ಮೂರು. 2014ರ ಹೊತ್ತಿಗೆ ಹತ್ತು. ಹನ್ನೊಂದನೆಯದು ಕೈಗೆ ಬಂದದ್ದು 2024ರಲ್ಲಿ, ಅಂದರೆ ಹತ್ತು ವರ್ಷ ಬಿಟ್ಟು. ಇನ್ನೊಂದು ಸ್ವಾರಸ್ಯವಿದೆ: ಆ ಹನ್ನೊಂದರಲ್ಲಿ ಒಂದೂ ನಾವು ವಿಡಿಯೊಗಳಲ್ಲಿ ನೋಡುವ ಟೆಕ್ಸಾಸ್ ಹೋಲ್ಡೆಮ್ ಆಟದ್ದಲ್ಲ. ಒಮಾಹಾ, ಸ್ಟಡ್ ಮುಂತಾದ, ಹೊಸಬರು ಹತ್ತಿರ ಸುಳಿಯದ ಪ್ರಕಾರಗಳಲ್ಲಿ ಗೆದ್ದವು. ನೀವು ಯಾವ ಆಟ ಕಲಿತಿದ್ದೀರಿ ಎಂದು ಬರೆದಿಲ್ಲ. ಹೋಲ್ಡೆಮ್ ಎಂದೇ ಊಹಿಸುತ್ತೇನೆ.

ಈಗ ನಿಮ್ಮ ಕಣ್ಣು ಕುಕ್ಕಿದ ಮೊತ್ತದ ವಿಷಯ. ಐವಿ ಹೆಸರಿನ ಮುಂದೆ ಕಾಣುವ ನಾಲ್ಕು ಕೋಟಿ ಡಾಲರ್‌ಗೂ ಮಿಕ್ಕಿದ ಅಂಕಿ ಬಹುಮಾನಗಳ ಮೊತ್ತ ಮಾತ್ರ. ಕಟ್ಟಿದ ಪ್ರವೇಶ ಶುಲ್ಕ ಅದರಲ್ಲಿ ಕಳೆದಿರುವುದಿಲ್ಲ. ನಮ್ಮ ಕಡೆ ಮಂಡಿಯಿಂದ ಹೊರಬಂದವರು ರಾಶಿ ಅಡಿಕೆಗೆ ಕ್ವಿಂಟಾಲಿಗೆ ಎಷ್ಟು ಸಿಕ್ಕಿತು ಎಂದು ಹೇಳುತ್ತಾರೆ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನ ಕೂಲಿ, ಬೋರ್ಡೋ ಔಷಧ ಹೊಡೆಸಿದ ಖರ್ಚು, ಸುಲಿಸಿದ ಖರ್ಚು, ಕೊಳೆರೋಗಕ್ಕೆ ಹೋದ ಫಸಲು ಯಾವುದನ್ನೂ ಹೇಳುವುದಿಲ್ಲ. ಪೋಕರ್ ಅಂಕಿಯೂ ಆ ಜಾತಿಯದೇ. 10,000 ಡಾಲರ್ ಶುಲ್ಕದ ಟೂರ್ನಿಗಳನ್ನು ಹತ್ತು ಸಲ ಆಡಿ, ಒಂದರಲ್ಲಿ ಮಾತ್ರ 80,000 ಗೆದ್ದವನ ಹೆಸರಿನ ಮುಂದೆ 80,000 ಎಂದೇ ಇರುತ್ತದೆ. ಅವನು 20,000 ಕಳೆದುಕೊಂಡಿದ್ದಾನೆ.

ಚೆನ್ನಾಗಿ ಆಡಿದರೆ ಸಾಕಲ್ಲ ಎನ್ನುತ್ತೀರಿ. 2003ರ ವರ್ಲ್ಡ್ ಸೀರೀಸ್‌ನ ಮುಖ್ಯ ಟೂರ್ನಿಯ ಒಂದು ಹೋಲ್ಡೆಮ್ ಆಟ ನೋಡಿ. ಕೈಯಲ್ಲಿನ ಎರಡು, ಮೇಜಿನ ಮೇಲಿನ ಐದು ಎಲೆಗಳಲ್ಲಿ ಒಳ್ಳೆಯ ಐದು ಯಾರದ್ದೋ ಅವರು ಗೆದ್ದಂತೆ. ಹತ್ತು ಜನ ಉಳಿದಿದ್ದರು. ಐವಿ ಕೈಯಲ್ಲಿ ಎರಡು ಒಂಬತ್ತು. ಎದುರಿನ ಕ್ರಿಸ್ ಮನಿಮೇಕರ್ ಕೈಯಲ್ಲಿ ಎಕ್ಕ, ರಾಣಿ. ಮೇಜಿನ ಮೇಲೆ ಮೊದಲು ಬಿದ್ದದ್ದು ಎರಡು ರಾಣಿ, ಒಂದು ಆರು. ನಾಲ್ಕನೆಯ ಎಲೆ ಒಂಬತ್ತು. ಐವಿಗೆ ಫುಲ್ ಹೌಸ್, ಅಂದರೆ ಮೂರು ಒಂಬತ್ತು, ಎರಡು ರಾಣಿ; ಮನಿಮೇಕರ್‌ನ ಮೂರು ರಾಣಿಗಿಂತ ಅದು ಮೇಲು. ಹಣವೆಲ್ಲ ಮೇಜಿನ ನಡುವೆ ಬಂತು. ಕಾಣದ 44 ಎಲೆಗಳಲ್ಲಿ ಮನಿಮೇಕರ್‌ನನ್ನು ಉಳಿಸುವಂಥವು ಏಳೇ: ಮೂರು ಎಕ್ಕ, ಮೂರು ಆರು, ಉಳಿದ ಒಂದು ರಾಣಿ. ಐದನೆಯ ಎಲೆ ಎಕ್ಕ. ಐವಿ ಹತ್ತನೆಯವರಾಗಿ ಎದ್ದು ಹೋದರು. ಲೆಕ್ಕಪತ್ರ ನೋಡುವ ಕೆಲಸದಲ್ಲಿದ್ದ ಮನಿಮೇಕರ್, ನನ್ನ ಕಸುಬಿನವನೇ, 839 ಜನರ ಆ ಟೂರ್ನಿಯನ್ನು ಗೆದ್ದು 25 ಲಕ್ಷ ಡಾಲರ್ ಪಡೆದ. ಐವಿ ಆ ಕೈಯಲ್ಲಿ ತಪ್ಪು ಆಡಿರಲಿಲ್ಲ. ಆರರಲ್ಲಿ ಐದು ಸಲ ಗೆಲ್ಲುವ ಸ್ಥಿತಿಯಲ್ಲಿದ್ದು ಸೋತರು, ಅಷ್ಟೇ. ಇಂಥ ಸೋಲುಗಳನ್ನು ವರ್ಷಗಟ್ಟಲೆ ತಾಳಿಕೊಳ್ಳುವಷ್ಟು ಬಂಡವಾಳ ಇದೆಯೇ ಎನ್ನುವುದು ನಾನು ನಿಮಗೆ ಕೇಳುವ ಮೊದಲ ಪ್ರಶ್ನೆ.

ಐವಿಗೂ ಎಲ್ಲ ಬಂಡವಾಳ ಸ್ವಂತದ್ದಾಗಿರಲಿಲ್ಲ. 2019ರಲ್ಲಿ 50,000 ಡಾಲರ್ ಶುಲ್ಕದ ಟೂರ್ನಿಯೊಂದರಲ್ಲಿ ಎಂಟನೆಯವರಾಗಿ 1,24,410 ಡಾಲರ್ ಗೆದ್ದಾಗ, ಬ್ಯಾಕರಾ ಎಂಬ ಕ್ಯಾಸಿನೊ ಇಸ್ಪೀಟಿನ ಬೇರೊಂದು ವ್ಯಾಜ್ಯದ ಬಾಕಿಗಾಗಿ ಆ ಹಣ ಜಪ್ತಿಯಾಯಿತು. ಆಗ ಶುಲ್ಕಕ್ಕೆ ಹಣ ಹೂಡಿದ್ದವರು ಗೆಲುವಿನಲ್ಲಿ ನಮ್ಮ ಪಾಲಿದೆ ಎಂದು ನ್ಯಾಯಾಲಯದ ಮೆಟ್ಟಿಲೇರಿದರು. ಅಷ್ಟು ದೊಡ್ಡ ಆಟಗಾರನೂ ಪಾಲುದಾರರನ್ನು ಇಟ್ಟುಕೊಂಡೇ ಕೂತಿದ್ದ ಎಂಬುದು ಹೊರಬಿದ್ದದ್ದು ಹೀಗೆ. 2006ರಲ್ಲಿ ಆಂಡಿ ಬೀಲ್ ಎಂಬ ಬ್ಯಾಂಕ್ ಮಾಲೀಕರಿಂದ ಮೂರು ದಿನಗಳಲ್ಲಿ 1.6 ಕೋಟಿ ಡಾಲರ್‌ಗೂ ಹೆಚ್ಚು ಗೆದ್ದದ್ದೂ ಹಲವು ಆಟಗಾರರು ಒಟ್ಟುಗೂಡಿಸಿದ ಹಣದಿಂದಲೇ. ಅದು ಟೂರ್ನಿಯೂ ಅಲ್ಲ, ಹಣವಿಟ್ಟು ನೇರವಾಗಿ ಆಡುವ ಆಟ.

ಇನ್ನು ನಮ್ಮ ದೇಶದ ಕಥೆ. ಪೋಕರ್ ಕೌಶಲದ ಆಟ, ಕ್ಲಬ್‌ಗಳಲ್ಲಿ ಆಡಲು ಪರವಾನಗಿ ಬೇಕಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿದ್ದು ನಿಜ. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು, ಕೌಶಲದ್ದಿರಲಿ ಅದೃಷ್ಟದ್ದಿರಲಿ, ನಿಷೇಧಿಸಿ ಕಾನೂನು ಮಾಡಿತು. ಆಡಿದವರಿಗೆ ಶಿಕ್ಷೆಯಿಲ್ಲ, ಆಡಿಸಿದವರಿಗಿದೆ. ತೀರ್ಥಹಳ್ಳಿಯ ಜಗಲಿಯಲ್ಲಿ ಕುಳಿತು ಮೊಬೈಲಿನಲ್ಲಿ ಪಳಗುವ ದಾರಿ ಅಲ್ಲಿಗೆ ಮುಚ್ಚಿತು.

ಗೋವಾದ ಕ್ಯಾಸಿನೊಗಳಿಗೆ ಹೋಗಿ ಆಡುತ್ತೇನೆ ಎಂದರೆ, ಇಸ್ಪೀಟಿನ ಗೆಲುವಿಗೆ ಶೇ 30ರಷ್ಟು ತೆರಿಗೆ, ಮೇಲೆ ಸೆಸ್. ಆ ಗೆಲುವಿನಿಂದ ಯಾವ ಖರ್ಚನ್ನೂ ಕಳೆಯುವಂತಿಲ್ಲ. ಒಂಬತ್ತು ಟೂರ್ನಿ ಸೋತು ಹತ್ತನೆಯದನ್ನು ಗೆದ್ದವರು ಆ ಒಂಬತ್ತರ ಶುಲ್ಕವನ್ನು ನನ್ನ ಮೇಜಿನ ಮೇಲೆ ತಂದಿಟ್ಟರೆ ನಾನು ಏನೂ ಮಾಡಲಾರೆ. ಅಂಗಡಿ ನಡೆಸುವವನಿಗೆ ಇರುವ ಸೌಲಭ್ಯ ನಿಮಗಿಲ್ಲ.

ಆಸೆ ಅಷ್ಟಿದ್ದರೆ ಕೆಲಸ ಬಿಡದೆ, ರಜೆ ಹಾಕಿ, ಒಂದು ವರ್ಷ ಆಡಿ. ಒಂದು ನೋಟ್‌ಬುಕ್ ಇಡಿ. ಕಟ್ಟಿದ ಶುಲ್ಕ, ಸೋತ ಮೇಲೆ ಅದೇ ಟೂರ್ನಿಗೆ ಮತ್ತೆ ಒಳಬರಲು ಕಟ್ಟಿದ್ದು, ಪಣಜಿಯ ಬಸ್ಸು, ಕೋಣೆ ಬಾಡಿಗೆ ಎಲ್ಲ ಎಡಗಡೆಗೆ. ಗೆದ್ದದ್ದರಲ್ಲಿ ತೆರಿಗೆ ಕಳೆದು ಉಳಿದದ್ದು ಬಲಗಡೆಗೆ. ಮಾರ್ಚ್ ಮುಗಿದ ಮೇಲೆ ಆ ಪುಟಗಳ ಫೋಟೊ ಹಾಕಿ, ನೋಡಿ ಹೇಳುತ್ತೇನೆ.