ಮೊದಲ ಹತ್ತು ನಿಮಿಷ ಎಳೆದಂತಾಗುತ್ತಿದ್ದರೆ

ನಿಮ್ಮ ರೊಮ್ಯಾಂಟಿಕ್ ಕಾಮಿಡಿ ಚಿತ್ರಕಥೆಯ ಆರಂಭ ಯಾಕೆ ಎಳೆಯುತ್ತಿದೆ, ಅದರಲ್ಲಿರುವ ಗೆಳತಿಯ ಫೋನ್ ದೃಶ್ಯ, ನಾಯಕಿಯ ಹಳೇ ಪ್ರೇಮ ಇವುಗಳಲ್ಲಿ ಏನು ಕತ್ತರಿಸಬೇಕು ಎಂದು ಕೇಳಿದ್ದೀರಿ. ಎಳೆಯಲು ಬಹುಶಃ ಕಾರಣ ಇದು: ನಾಯಕ, ನಾಯಕಿ, ಊರು ಮೂರಕ್ಕೂ ಬೇರೆ ಬೇರೆ ಪರಿಚಯದ ದೃಶ್ಯ, ಮೇಲೆ ಹಿನ್ನೆಲೆ ಧ್ವನಿ ಬೇರೆ. ಮೊದಲು ಆ ಧ್ವನಿ ತೆಗೆದು ಓದಿ ನೋಡಿ. ಆಮೇಲೆ ಇಬ್ಬರಿಗೂ ಒಂದೊಂದು ಹಟ ಕೊಡಿ. ಅದು ಮಾತಿನಲ್ಲಲ್ಲ, ಮಾಡುವ ಕೆಲಸದಲ್ಲಿ ಕಾಣಬೇಕು. ನಂತರ ಎದ್ದು ಹೋಗಲಾಗದ ಜಾಗದಲ್ಲಿ ಇಬ್ಬರನ್ನೂ ಒಟ್ಟಿಗೆ ಕೂರಿಸಿ. 1989ರ ‘ವೆನ್ ಹ್ಯಾರಿ ಮೆಟ್ ಸ್ಯಾಲಿ’ ಚಿತ್ರದಲ್ಲಿ ನಾಯಕ ಹ್ಯಾರಿ, ನಾಯಕಿ ಸ್ಯಾಲಿ ಶಿಕಾಗೊದಿಂದ ನ್ಯೂಯಾರ್ಕಿಗೆ ಒಂದೇ ಕಾರಿನಲ್ಲಿ ಹೊರಡುತ್ತಾರೆ. ದಾರಿಯಲ್ಲಿ ಸ್ಯಾಲಿ ತಿಂಡಿ ಆರ್ಡರ್ ಮಾಡುವ ರೀತಿಯಲ್ಲೇ ಅರ್ಧ ಸ್ವಭಾವ ಗೊತ್ತಾಗಿಬಿಡುತ್ತದೆ! ನಿಮ್ಮ ಕಥೆಯಲ್ಲಿ ಗೆಳತಿಯ ಜೊತೆಗಿನ ಫೋನ್ ದೃಶ್ಯ ಸುಮ್ನೆ ಜಾಸ್ತಿ ಅಲ್ವಾ? ಕತ್ತರಿಸಿ. ನಾಯಕಿಯ ಹಳೇ ಪ್ರೇಮದ ವಿಷಯ ಮಾತ್ರ ಪೂರ್ತಿ ಕಥೆ ಓದದೆ ಹೇಳುವುದು ಕಷ್ಟ. ಕೊನೆಯ ತಿರುವಿಗೆ ಬೇಕಿದ್ದರೆ ಒಂದು ಸಾಲು ಉಳಿಸಿಕೊಳ್ಳಿ.