ಆ ತಲೆನೋವು ಸೋಗಲ್ಲ

ಇಳಕಲ್ ಕಡೆಯ ನೇಕಾರ ಮನೆತನದ ಹೆಣ್ಣುಮಗಳು, ನಲವತ್ತರ ಆಸುಪಾಸು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಸೀರೆಯ ಮೈಯ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಕೊಂಡಿ ಹಾಕಿ ಜೋಡಿಸುವ ಕೆಲಸ. ಕತ್ತು ಬಗ್ಗಿಸಿ ಕೂತರೆ ಏಳುವುದೇ ಇಲ್ಲ.

"ಹಣಿ ಸುತ್ತ ಹಗ್ಗಾ ಕಟ್ಟಿ ಜಗ್ಗಿದಂಗ ಆಗ್ತೈತ್ರಿ ಮೇಡಂ. ಮನ್ಯಾಗ ಸೋಗು ಮಾಡ್ತಾಳ ಅಂತಾರ."

ಬಿಪಿ, ಕಣ್ಣು ಎಲ್ಲ ನೋಡಿದ ಡಾಕ್ಟರು ಟೆನ್ಷನ್ ತಲೆನೋವೆಂದು ಹೇಳಿ, ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಕಳಿಸಿದ್ದರು. ಎರಡೂ ಬದಿ ಒತ್ತಿದಂಥ ನೋವು, ವಾಂತಿಯಿಲ್ಲ, ಓಡಾಡಿದರೆ ಹೆಚ್ಚಾಗುವುದೂ ಇಲ್ಲ. ಮೈಗ್ರೇನಿನ ಲಕ್ಷಣ ಇವಲ್ಲ.

ಮಗಳ ಮದುವೆಗೆ ಎತ್ತಿದ ಸಂಘದ ಸಾಲದ ಮಾತು ಬಂತು. ಹೇಳುತ್ತ ಹೇಳುತ್ತ ಅವರ ಹೆಗಲು ಕಿವಿಯತ್ತ ಏರಿತು, ಹಲ್ಲು ಕಚ್ಚಿಕೊಂಡರು. ಅವರಿಗದು ಗೊತ್ತೇ ಇರಲಿಲ್ಲ. ಕತ್ತು ಮುಟ್ಟಿ ನೋಡಿಕೊಳ್ಳಿ ಎಂದೆ. "ಅಯ್ಯ, ಕಲ್ಲಾಗೈತಲ್ರಿ!" ಹೀಗೆ ಬಿಗಿದ ಸ್ನಾಯುಗಳ ನೋವು ತಿಂಗಳುಗಟ್ಟಲೆ ಉಳಿದರೆ ಮಿದುಳಿನ ನೋವಿನ ಜಾಲವೇ ಸೂಕ್ಷ್ಮವಾಗಿ, ಸಣ್ಣ ಒತ್ತಡವೂ ನೋವೆನಿಸುತ್ತದೆ. ಇದನ್ನು ಸೋಗೆನ್ನುವುದು ಅನ್ಯಾಯ. ಅವರ ಯಜಮಾನರನ್ನು ಕರೆಸಿ ಇದನ್ನೇ ಹೇಳಿದೆ.

ನನಗೆ ಹೆಚ್ಚು ಚಿಂತೆಯಾದದ್ದು ನೋವಿನ ಗುಳಿಗೆಯದು. ದಿನಾ ಚಹಾದ ಜೋಡಿ ಒಂದು. ಪ್ಯಾರಾಸಿಟಮಾಲ್‌ನಂಥ ಗುಳಿಗೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಹಲವು ಔಷಧ ಬೆರೆತದ್ದನ್ನು 10 ದಿನ ಅಥವಾ ಹೆಚ್ಚು, ಹೀಗೆ 3 ತಿಂಗಳು ಮೀರಿ ನುಂಗಿದರೆ ಗುಳಿಗೆಯೇ ತಲೆನೋವು ತರಬಹುದು. ಡಾಕ್ಟರ ಸಲಹೆಯಂತೆ ಬಿಡಿಸಿದೆವು. ಮೊದಮೊದಲು ನೋವು ಏರುತ್ತದೆಂದು ಮುಂಚೆಯೇ ತಿಳಿಸಿದ್ದರಿಂದ ತಾಳಿಕೊಂಡರು. ರಾತ್ರಿಗೆ ಡಾಕ್ಟರು ಬರೆದುಕೊಟ್ಟ ಅಮಿಟ್ರಿಪ್ಟಿಲಿನ್‌ಗೆ ಮಾತ್ರ ಹೆದರಿದ್ದರು: "ಹುಚ್ಚರ ಗುಳಿಗಿ ಅಂತಲ್ರಿ?" ಖಿನ್ನತೆಗೆ ಕೊಡುವ ಔಷಧವೇ ಹೌದು, ಆದರೆ ಸಣ್ಣ ಪ್ರಮಾಣದಲ್ಲಿ ನೋವು ತಡೆಯಲೂ ಕೊಡುತ್ತಾರೆ, ಗುಣ ಕಾಣಲು ಕೆಲವು ವಾರ ಬೇಕು, ಬಾಯಿ ಒಣಗಬಹುದು, ಮಂಪರು ಬರಬಹುದು ಎಂದು ಬಿಡಿಸಿ ಹೇಳಿದೆ.

ಉಳಿದದ್ದು ನನ್ನ ಪಾಲಿನ ಕೆಲಸ. ಹೆಗಲು, ದವಡೆ, ಮುಷ್ಟಿಗಳನ್ನು ಒಂದೊಂದಾಗಿ ಬಿಗಿಹಿಡಿದು ಸಡಿಲಬಿಡುವುದನ್ನು ಕಲಿಸಿದೆ. ಅರ್ಧ ತಾಸಿಗೊಮ್ಮೆ ಎದ್ದು ಕತ್ತು ಆಡಿಸಿ, ರೊಟ್ಟಿ ತಿಂದೇ ಕೆಲಸಕ್ಕೆ ಕೂಡಿ, ನೋವು ಬಂದ ದಿನ ಕ್ಯಾಲೆಂಡರಿನಲ್ಲಿ ಗೀರು ಹಾಕಿ ಎಂದೆ. ಸಾಲದ ಕಂತೆಷ್ಟೆಂದು ಗಂಡನಿಗೆ ಅವರು ಹೇಳಿಯೇ ಇರಲಿಲ್ಲ. ನನ್ನೆದುರೇ ಇಬ್ಬರೂ ಕೂತು ಲೆಕ್ಕ ಬರೆದರು. ಸಾಲ ಇನ್ನೂ ಇದೆ. ಕ್ಯಾಲೆಂಡರಿನ ಗೀರುಗಳು ಕಡಿಮೆಯಾಗಿವೆ.

ಆದರೆ ಒಮ್ಮೆಲೇ ಸಿಡಿಲು ಬಡಿದಂತೆ ಬಂದ ನೋವು, ಜ್ವರದೊಂದಿಗೆ ಕತ್ತು ಸೆಟೆಯುವುದು, ಮಾತು ತೊದಲುವುದು, ಕೈಕಾಲಿನ ಬಲ ಕುಂದುವುದು, ತಲೆಗೆ ಪೆಟ್ಟಾದ ಮೇಲಿನ ನೋವು ಇವುಗಳಿಗೆ ಆಪ್ತಸಲಹೆಗೆ ಕಾಯಬಾರದು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವನ್ನೂ ಮೊದಲು ಡಾಕ್ಟರಿಗೇ ತೋರಿಸಿ.